ಅಕ್ಕೋರು ಕಾಯ್ದ ಕತ್ತಲು

ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ, ಸಂಜೆಯಾಯಿತೆಂದರೆ ನಮ್ಮ ವಿಜ್ಞಾನದ ಅಕ್ಕೋರು ಎಡಗಣ್ಣಿಗೆ ಇಳಕಲ್ ಸೀರೆಯ ಸೆರಗು ಒತ್ತಿಕೊಂಡೇ ಓಡಾಡುತ್ತಿದ್ದರು. ಬಾದಾಮಿ ಪೇಟೆಯಲ್ಲಿ ಬದನೆಕಾಯಿ ಆರಿಸುವಾಗಲೂ ಒಂದೇ ಕಣ್ಣು. ಇನ್ನೊಂದನ್ನು ಕತ್ತಲಿಗೆ ಹದ ಮಾಡುತ್ತಿದ್ದರು. "ಅಕ್ಕೋರ, ಕಣ್ಣು ಬಂದಾವೇನ್ರಿ?" ಎಂದು ಕೇಳದ ಅಂಗಡಿಯವನಿಲ್ಲ.

ಕತ್ತಲಾದ ಮೇಲೆ ಚೊಳಚಗುಡ್ಡದ ದಾರಿಯ ಬಯಲಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ಕೂರುತ್ತಿದ್ದರು. ಶಾಲೆ ಮುಗಿದು ಎಷ್ಟೋ ವರ್ಷವಾದರೂ ಅವರ ಬೆನ್ನು ಬಿಡದ ನಾನು ಜೊತೆಗೆ. ನಮ್ಮ ತಲೆಯ ಮೇಲೆ ಚುಕ್ಕಿ. ರಾಯಚೂರಿನ ಆಚೆ ಎಲ್ಲೋ ಸಿಡಿಲಿನ ಮೋಡ.

"ಮಳಿ ಅಲ್ಲಿ, ನಾವು ಇಲ್ಲಿ. ಏನ್ ಕಾಣ್ತೈತ್ರಿ?" ಎಂದೆ ಮೊದಲ ಸಲ.

"ಮೋಡದ ಕೆಳಗ ನಿಂತ್ರ ಅದರ ಹೊಟ್ಟಿ ಅಷ್ಟ ಕಾಣ್ತೈತಿ. ನೆತ್ತಿ ನೋಡಬೇಕಂದ್ರ ದೂರ ಇರಬೇಕು. ದೊಡ್ಡ ಸಿಡ್ಲು ನೆಲಕ್ಕ ಬಡದಾಗ ಮೋಡದ ಮ್ಯಾಲೆ, ಭಾಳ ಎತ್ತರದಾಗ, ಗಾಳಿ ತೆಳ್ಳಗಿರೋ ಕಡೆ ಕೆಂಪಗ ಹೊಳೀತೈತಿ. ಕಣ್ಣು ಪಿಳುಕಿಸಿದ್ರ ಹೋತು. ಕತ್ತಲಿ ಇರಲಿಲ್ಲಂದ್ರ ಅದೂ ಇಲ್ಲ."

ಒಂದು ಬೇಸಿಗೆ ನನಗೂ ಕಂಡಿತು. ಬೇರು ಇಳಿಬಿಟ್ಟ ಕೆಂಪು ಗಜ್ಜರಿಯಂಥದು, ಮೋಡದ ಎಷ್ಟೋ ಮೇಲೆ. ನಾನು ಅತ್ತುಬಿಟ್ಟೆ. ಅಕ್ಕೋರು "ಆತಿಲ್ಲ? ನಡಿ, ರೊಟ್ಟಿ ತಿನ್ನೂಣು" ಎಂದರು.

ಆ ಬಯಲಿನಲ್ಲಿ ಹೈಮಾಸ್ಟ್ ದೀಪ ಹಾಕಿಸುತ್ತೇನೆಂದು ನಮ್ಮ ಭಾಗದ ಮೆಂಬರು ಹೊರಟಾಗ ಅಕ್ಕೋರು ಅವನ ಮನೆಗೇ ಹೋದರು. ಅವನೂ ಅವರ ಹತ್ತಿರ ಕಲಿತವನೇ. "ಲೈಟ್ ದಾರಿಗೆ ಹಾಕ್ಸಪಾ, ಮಂದಿ ನಡೀತಾರ. ಅದೊಂದು ಬಯಲಿನ ಕತ್ತಲಿ ನನಗ ಬಿಡು" ಎಂದರು. "ಆತ್ರಿ ಅಕ್ಕೋರ" ಎಂದು ಕಾಲು ಮುಟ್ಟಿದ. ಅವರು ಬದುಕಿರುವವರೆಗೆ ಮಾತು ಉಳಿಸಿಕೊಂಡ, ಅಷ್ಟು ನಿಜ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ತಿಂಗಳು ತುಂಬುವುದರೊಳಗೆ ಅದೇ ಬಯಲ ನಡುವೆ ಕಂಬ ಎದ್ದಿತು. ಬುಡದ ಕಲ್ಲಿನಲ್ಲಿ ಅಕ್ಕೋರ ಹೆಸರು. ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಮೆಂಬರನದು. ಗುಂಡಿ ಒತ್ತಲು ನನ್ನನ್ನೇ ಕರೆದರು. "ಗುರುಗಳ ಋಣ ತೀರಿಸಿದ್ವಿ ನೋಡ್ರಿ" ಎಂದು ಮೆಂಬರು ಶಾಲು ಹೊದ್ದು ಹಲ್ಲು ಕಿಸಿದ.

"ಅಕ್ಕೋರು ಬ್ಯಾಡ ಅಂದಿದ್ರಲ್ಲ?" ಎಂದೆ.

"ಈಗ ಅವರೆಲ್ಲಿ ನೋಡಾಕ ಬರ್ತಾರ, ಬಿಡ್ರಿ" ಎಂದ.

ಮರೆತು ಮಾಡಿದ್ದರೆ ದಡ್ಡ ಎಂದು ಸುಮ್ಮನಾಗಬಹುದಿತ್ತು. ಇವನಿಗೆ ಎಲ್ಲ ನೆನಪಿತ್ತು. ಥೂ, ಇಂಥವರ ಬಾಯಲ್ಲಿ ಗುರು ಎಂಬ ಮಾತು. ಗುಂಡಿ ಒತ್ತದೆ ತಿರುಗಿ ನಡೆದೆ. ಒತ್ತುವವರಿಗೇನು ಬರ? ಬೆನ್ನ ಹಿಂದೆ ಬಯಲೆಲ್ಲ ಬೆಳ್ಳಗಾಯಿತು, ಚಪ್ಪಾಳೆ ಕೇಳಿಸಿತು.

ಈಗ ಪೂರ್ವಕ್ಕೆ ದೂರದಲ್ಲಿ ಮೋಡ ಮಿಂಚಿದರೆ ಕೆರೂರಿನ ಬಸ್ಸು ಹತ್ತುತ್ತೇನೆ. ಎಡಗಣ್ಣಿಗೆ ಸೆರಗು ಒತ್ತಿಕೊಂಡು ಕೂತು, ಅಕ್ಕೋರ ಹೆಸರಿನ ದೀಪ ಕಾಣದಷ್ಟು ದೂರ ಹೋಗಿ ಇಳಿಯುತ್ತೇನೆ.