ಪರ್ವಕಾಲವಲ್ಲದ ದಿನದ ಸಮುದ್ರ

ಒಣಮೀನು, ಡೀಸೆಲ್ಲು, ಒದ್ದೆ ಹಗ್ಗ. ಮೂರೂ ಕಲೆತ ಒಂದು ವಾಸನೆ, ಆಟೋ ಮಂಗಳೂರಿನ ಹಳೇ ಬಂದರಿನ ಬೀದಿಗೆ ತಿರುಗಿದೊಡನೆ ಮುಖಕ್ಕೆ ಬಂತು. ಇದು ನನಗೆ ಗೊತ್ತಿರುವ ವಾಸನೆ ಎಂದುಕೊಂಡೆ. ಮರುಕ್ಷಣವೇ, ನಿಜವಾಗಿ ಗೊತ್ತೋ ಅಥವಾ ಗೊತ್ತು ಎಂದು ಈಗ ಅನ್ನಿಸುತ್ತಿದೆಯೋ ಎಂಬ ಅನುಮಾನವೂ ಬಂತು. ಯೂನಿವರ್ಸಿಟಿಯಲ್ಲಿ ಕಲಿತದ್ದರಲ್ಲಿ ನನ್ನ ಬಳಿ ಉಳಿದದ್ದು ಈ ಒಂದು ಚಾಳಿ ಮಾತ್ರ. ಪಕ್ಕದಲ್ಲಿ ಕುಳಿತಿದ್ದ ವಿಶಾಲಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅವತ್ತೂ ಹಿಂಗೇ ನಾತ ಇತ್ತು ಕಣೋ" ಎಂದಳು. ಆಗ ಸ್ವಲ್ಪ ನೆಮ್ಮದಿಯಾಯಿತು. ಕಡೇ ಪಕ್ಷ ವಾಸನೆಗೆ ಒಬ್ಬ ಸಾಕ್ಷಿ ಸಿಕ್ಕಿದಳು.

ವಿಶಾಲಕ್ಕ ನನ್ನ ದೊಡ್ಡಪ್ಪನ ಮಗಳು. ತಿ. ನರಸೀಪುರದ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತಳಾಗಿದ್ದಾಳೆ. ನಮ್ಮಪ್ಪನದು ಊರೂರು ತಿರುಗುವ ನೌಕರಿಯಾದ್ದರಿಂದ ನಾನು ಬೆಳೆದದ್ದು ನಂಜನಗೂಡಿನ ದೊಡ್ಡಪ್ಪನ ಮನೆಯಲ್ಲಿ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ದೇವಸ್ಥಾನಕ್ಕೆ ಬರುವವರಿಗಾಗಿ ಮೂರಂತಸ್ತಿನ ವಸತಿಗೃಹ ಎದ್ದಿದೆ. ನಡುಮನೆ ಇದ್ದ ಕಡೆ ಚಪ್ಪಲಿ ಬಿಡುತ್ತಾರೆ. ಕೆಡವುವ ಮುಂಚೆ ಅಟ್ಟ ಗುಡಿಸಿದಾಗ ವಿಶಾಲಕ್ಕನಿಗೆ ಒಂದು ಹಾಳೆ ಸಿಕ್ಕಿತ್ತಂತೆ. ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದ ದೊಡ್ಡಪ್ಪನ ಗುಂಡು ಅಕ್ಷರದಲ್ಲಿ ಅದರ ತಲೆಯ ಮೇಲೆ 'ಮಂಗಳೂರಿನಲ್ಲಿ ನೋಡತಕ್ಕ ಸ್ಥಳಗಳು' ಎಂದು ಬರೆದಿತ್ತು. ಕದ್ರಿಯ ಗುಡಿ ಮತ್ತು ಅದರ ಕೆರೆಗಳು, ಮಂಗಳಾದೇವಿ, ಹೆಂಚಿನ ಕಾರ್ಖಾನೆ, ಗೋಡೆ ಚಾವಣಿಗೆಲ್ಲ ಚಿತ್ರ ಬರೆದ ಚರ್ಚು, ದೀಪಸ್ತಂಭದ ಗುಡ್ಡ, ದೋಣಿಯಲ್ಲಿ ಹೊಳೆ ದಾಟುವುದು. ಕೊನೆಯಲ್ಲಿ 'ಸಮುದ್ರ', ಅದರ ಮುಂದೆ ಚಿಕ್ಕದಾಗಿ, 'ದೂರದಿಂದ'. ಎಲ್ಲಕ್ಕೂ ಕೆಂಪು ಪೆನ್ಸಿಲಿನ ಗುರುತು ಬಿದ್ದಿತ್ತು. ಈ ಹಾಳೆಯನ್ನು ಹಿಡಿದೇ ನಾವಿಬ್ಬರೂ ಇಷ್ಟು ವರ್ಷದ ಮೇಲೆ ಮತ್ತೆ ಹೊರಟು ಬಂದದ್ದು. ಊರು ನೋಡುವುದಕ್ಕೆ ಅಂತ ಅಕ್ಕನಿಗೆ ಹೇಳಿದ್ದೆ. ನಿಜವಾಗಿ ನನಗೆ ತಿಳಿಯಬೇಕಾಗಿದ್ದುದು ಒಂದೇ. ಗೌರತ್ತೆ ಸತ್ತದ್ದು ನನ್ನಿಂದಲೋ ಅಲ್ಲವೋ.

ಹೀಗೆ ಬರೆದರೆ ಬಾಲಿಶವಾಗಿ ಕಾಣುತ್ತದೆ, ಬಲ್ಲೆ. ಗೌರತ್ತೆ ದೊಡ್ಡಪ್ಪನ ತಂಗಿ. ಗಂಡ ಹೋದ ಮೇಲೆ ತವರಿಗೆ ಬಂದವಳು ಹಿಂದಿನ ಕೋಣೆಯಲ್ಲೇ ಉಳಿದುಬಿಟ್ಟಳು. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ಹೂಬತ್ತಿ ಹೊಸೆಯುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಪಕ್ಕದಲ್ಲಿ ಕೂತರೆ ಬೆಲ್ಲದ ಚೂರು ಕೊಡುತ್ತಿದ್ದವಳು, ನಮಗೆ ಜ್ವರ ಬಂದರೆ ಮೊದಲು ತಿಳಿಯುತ್ತಿದ್ದವಳು, ಫೋಟೋ ತೆಗೆಯುವಾಗ ಮಾತ್ರ ಅಡುಗೆಮನೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದವಳು. ದಿನವೂ ಬೆಳಗಿನ ಜಾವ ಕಪಿಲೆಯಲ್ಲಿ ಮುಳುಗಿ ಬರುತ್ತಿದ್ದಳು. ತಣ್ಣಗಿನ ಅವಳ ಕೈಯಿಂದ ನಮ್ಮನ್ನು ಎಬ್ಬಿಸುತ್ತಿದ್ದುದು ನೆನಪಿದೆ. ಅವಳು ಕಂಡ ಅತಿ ದೊಡ್ಡ ನೀರೆಂದರೆ ತಿರುಮಕೂಡಲಿನ ಸಂಗಮ. ಅದರಾಚೆಗೆ ಅವಳನ್ನು ಯಾರೂ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ.

ಅಂಥವಳನ್ನು, ವಿಶಾಲಕ್ಕನನ್ನು, ಏಳು ವರ್ಷದ ನನ್ನನ್ನು ಬೇಸಿಗೆ ರಜೆಯಲ್ಲಿ ದೊಡ್ಡಪ್ಪ ಒಂದು ಮೆಟಡೋರಿನಲ್ಲಿ ಕೂರಿಸಿಕೊಂಡು ಮಂಗಳೂರಿಗೆ ಹೊರಟರು. ಗಾಡಿ ಓಡಿಸಿದವನು ತಾಂಡವಪುರದ ಸಿದ್ದರಾಜು. ಮಡಿಕೇರಿ ಇಳಿದ ಮೇಲಿನ ತಿರುವುಗಳಲ್ಲಿ ನಾನು ಎರಡು ಸಲ ವಾಂತಿ ಮಾಡಿದ್ದು, ಕದ್ರಿಯ ಕೆರೆಗಳ ಕಲ್ಲುಮೆಟ್ಟಿಲು ಕಾಲಿಗೆ ತಣ್ಣಗೆ ತಾಗಿದ್ದು, ಹೆಂಚಿನ ಕಾರ್ಖಾನೆಯ ಹಸಿಮಣ್ಣಿನ ಘಮದಲ್ಲಿ ಸಿದ್ದರಾಜುವಿನ ಜೊತೆ ಹೆಂಚು ಎಣಿಸಿದ್ದು, ಚರ್ಚಿನ ಚಾವಣಿ ನೋಡಲು ಗೌರತ್ತೆ ನೆಲದ ಮೇಲೇ ಕೂತುಬಿಟ್ಟದ್ದು, ಇವೆಲ್ಲ ನೆನಪಿವೆ. ದೀಪಸ್ತಂಭ ನಡುನೀರಿನಲ್ಲಿ ನಿಂತದ್ದೂ ನೆನಪಿದೆ. ಆದರೆ ಈ ಸಲ ಹೋಗಿ ನೋಡಿದರೆ ಅದು ಊರ ಮಧ್ಯದ ಗುಡ್ಡದ ಮೇಲಿತ್ತು. ಅಲ್ಲಿಗೆ ನನ್ನ ನೆನಪಿನ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಸಡಿಲವಾಯಿತು.

ಸಮುದ್ರಕ್ಕೆ ಹೋದದ್ದು ಕೊನೆಯ ಸಂಜೆ. ನಮ್ಮ ಮನೆಯವರಿಗೆ ಸಮುದ್ರವೆಂದರೆ ಹೊಳೆಯ ಹಾಗಲ್ಲ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣದಂಥ ಪರ್ವಕಾಲದಲ್ಲಿ ಮಾತ್ರ ಅದರಲ್ಲಿ ಮೀಯಬೇಕು; ಉಳಿದ ದಿನ ಕಂಡು ಕೈಮುಗಿಯಬಹುದು, ಮುಟ್ಟಕೂಡದು. ಅವತ್ತು ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು. ದೊಡ್ಡಪ್ಪ ಛತ್ರಿಯ ತುದಿಯಿಂದ ಮರಳಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು, "ಇದನ್ನ ಯಾರೂ ದಾಟಬೇಡಿ" ಎಂದರು. ಸಿದ್ದರಾಜು ಅಷ್ಟರಲ್ಲಾಗಲೇ ಪ್ಯಾಂಟು ಮಡಿಸಿಕೊಂಡು ಮೊಣಕಾಲುದ್ದ ನೀರಿನಲ್ಲಿದ್ದ.

"ಐನೋರೆ, ಇಷ್ಟ್ ದೂರ ಬಂದು ನೀರ್ ಮುಟ್ದೆ ಓದ್ರೆ ಊರಲ್ಲಿ ಏನಂತ ಯೋಳಾದು?"

"ನೋಡಿದ್ವಿ ಅಂತ ಹೇಳಪ್ಪ."

"ನೋಡಾಕಾದ್ರೆ ಕ್ಯಾಲೆಂಡರ್ ಸಾಕಾಗಿತ್ತು ಬುಡಿ."

ದೊಡ್ಡಪ್ಪ ನಕ್ಕರು. ಆಮೇಲೆ ಗಾಳಿಮರದ ಬುಡದಲ್ಲಿ ಕೂತು, ಊರಿನಿಂದ ತಂಬಿಗೆಯಲ್ಲಿ ತಂದಿದ್ದ ಕಪಿಲೆಯ ನೀರಿನಲ್ಲಿ ಸಂಧ್ಯಾವಂದನೆ ಶುರುಮಾಡಿದರು. ಕಣ್ಣೆದುರಿಗೆ ಅಷ್ಟು ನೀರಿದ್ದೂ ತಂಬಿಗೆಯ ನೀರು. ಜಪಕ್ಕೆ ಅವರ ಕಣ್ಣು ಮುಚ್ಚಿದ್ದನ್ನು ನೋಡಿ ನಾನು ಗೆರೆ ದಾಟಿ ಓಡಿದೆ, ಬೊಗಸೆಯಲ್ಲಿ ನೀರು ಮೊಗೆದೆ, ಅದು ಉಗುರುಬೆಚ್ಚಗಿತ್ತು. ಹಿಂತಿರುಗಿದರೆ ಗೌರತ್ತೆ ನನ್ನನ್ನೇ ನೋಡುತ್ತಿದ್ದಳು; ಅವಳ ಸೀರೆ ಮೊಣಕಾಲಿನವರೆಗೂ ಒದ್ದೆಯಾಗಿತ್ತು. ನನ್ನ ನೆನಪು ಇಷ್ಟೇ. ಆ ಸೀರೆ ಹೇಗೆ ಒದ್ದೆಯಾಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಆಷಾಢ ಮುಗಿಯುವುದರೊಳಗೆ ಗೌರತ್ತೆ ಹೋಗಿಬಿಟ್ಟಳು. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತ ನೆಂಟರಲ್ಲಿ ಯಾರೋ ಒಬ್ಬರು, "ಪರ್ವ ಇಲ್ಲದ ದಿನ ಸಮುದ್ರಕ್ಕೆ ಹೋಗಿದ್ದಿರಂತೆ. ಯಾರೋ ಮುಟ್ಟಿರಬೇಕು" ಎಂದರು. ದೊಡ್ಡಪ್ಪ ತಲೆಯೆತ್ತಲಿಲ್ಲ, ಅಲ್ಲವೆನ್ನಲೂ ಇಲ್ಲ. ಎಲೆಯ ಮುಂದೆ ಕೂತಿದ್ದ ನಾನು ಎರಡೂ ಅಂಗೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡೆ. ಮುಂದೆ ಓದಿದೆ, ದೇವರು ದಿಂಡಿರನ್ನೆಲ್ಲ ಬಿಟ್ಟೆ, ಬಿಟ್ಟದ್ದಕ್ಕೆ ದೊಡ್ಡಪ್ಪನ ಜೊತೆ ಜಗಳವನ್ನೂ ಆಡಿದೆ. ನೀರು ಮುಟ್ಟಿದರೆ ಯಾರೂ ಸಾಯುವುದಿಲ್ಲ ಎಂದು ಯಾರಿಗೆ ಬೇಕಾದರೂ ಅರ್ಧ ಗಂಟೆ ವಾದ ಮಾಡಿ ಒಪ್ಪಿಸಬಲ್ಲೆ. ಆದರೆ ವಾದ ಮುಗಿದು ಒಬ್ಬನೇ ಉಳಿದಾಗ ಅಂಗೈ ಬೆಚ್ಚಗಾಗುತ್ತಿತ್ತು. ಮದುವೆಯಾದ ಮೇಲೆ ಹೆಂಡತಿ ಮಕ್ಕಳನ್ನು ಎಷ್ಟೋ ಊರಿಗೆ ಕರೆದುಕೊಂಡು ಹೋದೆ. ಸಮುದ್ರವಿರುವ ಊರಿಗೆ ಮಾತ್ರ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ.

ಇದನ್ನೆಲ್ಲ ನಾನು ವಿಶಾಲಕ್ಕನಿಗೆ ಹೇಳಿದ್ದು ಪಣಂಬೂರಿನ ಮರಳಿನ ಮೇಲೆ, ಒಂಟೆ ಸವಾರಿಯವನು ಎರಡು ಸಲ ಬಂದು ಕೇಳಿ ಹೋದ ಮೇಲೆ. ಅವಳು ಚುರುಮುರಿಯ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದಳು. ಬೈಯುತ್ತಾಳೆ ಅಂದುಕೊಂಡಿದ್ದೆ.

"ನೀನೆಲ್ಲಿ ಓಡಿದೆಯೋ?" ಎಂದಳು. "ಅತ್ತೆ ಸೊಂಟ ಬಿಟ್ಟು ಇಳಿದಿದ್ರೆ ತಾನೆ ಓಡೋದು. ಅವಳೇ ನಿನ್ನ ಎತ್ಕೊಂಡು ನೀರಿಗೆ ಇಳಿದ್ಲು. ಅಣ್ಣ ಕಣ್ಣು ಬಿಡ್ತಾನಾ ನೋಡ್ಕೋತಿರು ಅಂತ ನನ್ನ ಕಾವಲಿಗೆ ನಿಲ್ಸಿದ್ಲು. ನೀನು ಊರೆಲ್ಲ ಕೇಳೋ ಹಾಗೆ ಕಿರುಚಿದೆ. ಅಪ್ಪ ಹೆಂಗೆ ಕಣ್ಣು ಬಿಡಲಿಲ್ಲ ಅಂತ ನಂಗೆ ಈಗಲೂ ಆಶ್ಚರ್ಯ."

"ಹಾಗಾದರೆ ಅವಳು ಮುಟ್ಟಿದ್ದಕ್ಕೆ..."

"ಅಯ್ಯೋ, ಇಷ್ಟು ಓದಿದೀಯ. ಪಂಚಾಂಗ ನೋಡ್ದೆ ಉಗುರೂ ತೆಗೀತಿರಲಿಲ್ಲ ನಮ್ಮಪ್ಪ. ನಾಲ್ಕು ದಿನ ಕಾದಿದ್ರೆ ಅಮಾವಾಸ್ಯೆ, ಎಲ್ರೂ ಸ್ನಾನ ಮಾಡಬಹುದಾಗಿತ್ತು. ಯಾಕೆ ಕಾಯಲಿಲ್ಲ ಅಂತ ಒಂದು ದಿನಾನೂ ಯೋಚನೆ ಮಾಡಲಿಲ್ವಾ?"

ಮಾಡಿರಲಿಲ್ಲ. ದೇವರಿಂದ ಹಿಡಿದು ಎಲ್ಲದರ ಮೇಲೂ ಅನುಮಾನ ಪಟ್ಟವನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ.

ಯುಗಾದಿಯ ಹೊತ್ತಿಗೇ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿತ್ತಂತೆ. ಮಂಗಳೂರಿನಲ್ಲಿ ದೊಡ್ಡಪ್ಪನ ಹಳೆಯ ಶಿಷ್ಯನೊಬ್ಬ ಡಾಕ್ಟರಾಗಿದ್ದ. ಆ ವಾರ ಕರೆತನ್ನಿ ಎಂದು ಬರೆದವನು ಅವನು. ತಿಥಿ ನೋಡಿದವರು ಯಾರೂ ಇಲ್ಲ. ಆಸ್ಪತ್ರೆಗೆ ಎಂದರೆ ಅತ್ತೆ ಹೆದರುತ್ತಾಳೆಂದು ದೊಡ್ಡಪ್ಪ ಕೂತು ನೋಡತಕ್ಕ ಸ್ಥಳಗಳನ್ನು ಬರೆದರು. ಹೆಂಚಿನ ಕಾರ್ಖಾನೆಯಲ್ಲಿ ನಾನೂ ಸಿದ್ದರಾಜುವೂ ಅಷ್ಟು ಹೊತ್ತು ಹೆಂಚು ಎಣಿಸುತ್ತಾ ಇದ್ದೆವಲ್ಲ, ಆಗ ದೊಡ್ಡಪ್ಪ, ಅತ್ತೆ, ಅಕ್ಕ ಮೂವರೂ ಡಾಕ್ಟರ ಮುಂದೆ ಕೂತಿದ್ದರು. ತಡವಾಗಿದೆ ಎಂದು ಡಾಕ್ಟರು ಹೇಳಿದ್ದು ಅಲ್ಲಿ. ಅದಾದ ಮೇಲೂ ದೊಡ್ಡಪ್ಪ ಹಾಳೆಯಲ್ಲಿದ್ದ ಒಂದು ಜಾಗವನ್ನೂ ಬಿಡದೆ ತೋರಿಸಿದರು.

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಅಂಗೈಯ ಬೆಚ್ಚಗಿನ ನೀರು ಹಾಗಾದರೆ ಎಲ್ಲಿಯದು? ಅತ್ತೆಯೇ ಮೊಗೆದು ಹಾಕಿದ್ದಿರಬಹುದು, ಅಥವಾ ಭಯ ಕಟ್ಟಿಕೊಟ್ಟದ್ದಿರಬಹುದು. ವಿಶಾಲಕ್ಕನ ನೆನಪೂ ನೆನಪೇ, ಅದನ್ನೂ ನಾನು ಅನುಮಾನಿಸಬೇಕಾಗಿತ್ತು. ಆದರೆ ಒದ್ದೆಯಾದ ಸೀರೆಗೆ ಅದರಲ್ಲಿ ಜಾಗವಿತ್ತು, ನನ್ನದರಲ್ಲಿ ಇರಲಿಲ್ಲ. ಅಷ್ಟು ಸಾಕು ಎಂದು ಮೊದಲ ಬಾರಿಗೆ ಅನ್ನಿಸಿತು. ಎದ್ದು ಪ್ಯಾಂಟು ಮಡಿಸಿಕೊಂಡು ನೀರಿಗಿಳಿದೆ. ಅಕ್ಕನೂ ಸೀರೆಯನ್ನು ಒಂದಿಷ್ಟು ಎತ್ತಿಕೊಂಡು ನನ್ನ ತೋಳು ಹಿಡಿದು ಬಂದಳು. ಅವತ್ತು ಯಾವ ತಿಥಿಯೆಂದು ಇಬ್ಬರೂ ನೋಡಲಿಲ್ಲ. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳು ಜಾರುತ್ತಿತ್ತು, ನಾವು ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡೆವು.

ದಡಕ್ಕೆ ಬಂದು ಅಕ್ಕ ಕಟ್ಟೆಯ ಮೇಲೆ ಕೂತಳು. ಕಾಲಿಗೆ ಮೆತ್ತಿದ ಮರಳು ತೊಳೆಯೋಣವೆಂದು ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದೆ.

"ಅತ್ತೆ ಅವತ್ತು ತೊಳ್ಕೊಳ್ಳಲಿಲ್ಲ" ಎಂದಳು ಅವಳು, ಕಾಲು ನೋಡಿಕೊಳ್ಳುತ್ತಾ. "ತಂಬಿಗೇಲಿ ನೀರಿತ್ತು, ಕೊಡ್ಲಾ ಅಂದೆ. ಬೇಡ, ಇರಲಿ ಅಂದ್ಲು. ಊರು ಸೇರೋವರೆಗೂ ಹಂಗೇ ಇಟ್ಕೊಂಡಿದ್ಲು. ದಾರಿ ಉದ್ದಕ್ಕೂ ಸೀರೆ ಸರಿಸಿ ಸರಿಸಿ ನೋಡ್ಕೋತಿದ್ಲು ಕಣೋ, ಪಾದದ ಮೇಲೆ ಉಪ್ಪು ಬೆಳ್ಳಗೆ ಕೂತಿರೋದನ್ನ."

ನಾನು ಬಾಟಲಿಗೆ ಮುಚ್ಚಳ ಹಾಕಿದೆ.