ನತಾಲಿ ಎಂಬ ಹುಲ್ಲಿಗೆ ನನ್ನ ಹೆಸರು

ಆ ಹುಲ್ಲನ್ನು ಬೆಳೆಸಿದ್ದು ನಾನಲ್ಲ. ದೊಡ್ಡ ಹೋಟೆಲುಗಳ ಅಂಗಳದಲ್ಲಿ, ಗಲ್ಫಿನಿಂದ ಬಂದವರ ಹೊಸ ಮನೆಗಳ ಮುಂದೆ ಅದನ್ನು ‘ಸರೋಜಾ ಹುಲ್ಲು’ ಎಂದು ಕರೆಯುತ್ತಾರೆ. ಸರೋಜಾ ಎಂದರೆ ನಾನು. ಆದರೆ ಹುಲ್ಲು ಹಿಲ್ಡಾಳದ್ದು, ಅದಕ್ಕೆ ಅವಳಿಟ್ಟ ಹೆಸರು ನತಾಲಿ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಕರಾವಳಿಯ ಅನಂತಪುರದ ಹತ್ತಿರ, ಹಿಲ್ಡಾಳ ಮನೆಗೆ ತಾಗಿದ ಕೆಂಪು ಮುರಕಲ್ಲಿನ ಜಾಗದಲ್ಲಿ ನಾವಿಬ್ಬರೂ ಸೇರಿ ನರ್ಸರಿ ನಡೆಸುತ್ತಿದ್ದೆವು. ಅವಳು ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳ ತಾಯಿ ನತಾಲಿ ಬಾಯಿ ಜಗಲಿಯ ಕುರ್ಚಿಯಲ್ಲಿ ಕೂತು ನಮ್ಮ ಕೆಲಸ ನೋಡುತ್ತಾ, ಬಂದವರನ್ನೆಲ್ಲ ಮಾತಾಡಿಸುತ್ತಾ ಇರುತ್ತಿದ್ದರು.

ಆಗ ತೋಟಕ್ಕೆ ಅಲಂಕಾರದ ಹುಲ್ಲು ನೆಡುವ ಹುಚ್ಚು ಹೊಸತು. ಹೊರಗಿನಿಂದ ತರಿಸಿದ ನೇರಳೆ ಹುಲ್ಲು ನಮ್ಮ ಮಳೆಗೆ ನೆಲ ಹಿಡಿದು ಕೊಳೆಯುತ್ತಿತ್ತು. ಒಂದು ವರ್ಷ ಮಳೆ ಬಿಟ್ಟ ಮೇಲೆ ಕಲ್ಲಿನ ಸಂದಿಯಲ್ಲಿ ಒಂದು ಸಸಿ ಕಂಡಿತು. ಕಳೆ ಎಂದು ನಾನು ಕೀಳಲು ಬಗ್ಗಿದೆ.

“ಬೇಡ ಅಕ್ಕ, ಇರಲಿ. ಎಂತ ಆಗ್ತದೆ ನೋಡುವ,” ಎಂದಳು ಹಿಲ್ಡಾ.

ಮೊಣಕಾಲೆತ್ತರಕ್ಕೆ ಬಂದು ನಿಂತಿತು ಅದು. ತಾಮ್ರದ ಬಣ್ಣದ ಎಲೆ, ಅಂಚಿನಲ್ಲಿ ತೆಳು ಬಿಳಿ ಗೆರೆ, ಬೆಕ್ಕಿನ ಬಾಲದಂಥ ತೆನೆ. ಮುಂದಿನ ಮಳೆಗಾಲಕ್ಕೂ ಅದು ಬಗ್ಗಲಿಲ್ಲ. ಹಿಲ್ಡಾ ಬುಡ ಸೀಳಿ ಬೇರೆ ಬೇರೆ ಕಡೆ ನೆಟ್ಟಳು, ಬಣ್ಣ ಮಾಸಿದ್ದನ್ನು ಕಿತ್ತೆಸೆದಳು, ಮತ್ತೆ ಸೀಳಿದಳು. ವರ್ಷಗಟ್ಟಲೆ ಹೀಗೆ. ನಾನು ಚಟ್ಟಿಗಳಿಗೆ ಮಣ್ಣು ತುಂಬಿದೆ — ಅಷ್ಟೇ.

“ಇದಕ್ಕೆ ಮಾಯ್‌ನ ಹೆಸರೇ ಇಡುವ. ಅವರೂ ಎಂಥ ಮಳೆಗೂ ಬಗ್ಗುವವರಲ್ಲ,” ಎಂದಳು ಒಂದು ದಿನ. ತಾಯಿಯನ್ನು ಅವಳು ಮಾಯ್ ಎನ್ನುತ್ತಿದ್ದಳು.

ಜಗಲಿಯಿಂದ ನತಾಲಿ ಬಾಯಿ ನಕ್ಕರು. “ಆಯ್ತು, ನಾಳೆ ದನ ಬಂದು ನನ್ನನ್ನೇ ಮೇಯ್ತದೆ ಮಾರಾಯ್ತಿ!”

ಆದರೂ ಅವರಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಆಮೇಲೆ ಬಂದವರಿಗೆಲ್ಲ ಆ ಹುಲ್ಲನ್ನು ತೋರಿಸದೆ ಬಿಡುತ್ತಿರಲಿಲ್ಲ.

ತಾಯಿಯ ಕಣ್ಣು ತೋರಿಸಲು ಹಿಲ್ಡಾ ಮಂಗಳೂರಿಗೆ ಹೋಗಿದ್ದ ದಿನ ದಕ್ಷಿಣದ ಕಡೆಯಿಂದ ಒಬ್ಬರು ಬಂದರು. ದೊಡ್ಡ ನರ್ಸರಿಯವರು. ಸೀದಾ ಆ ಹುಲ್ಲಿನ ಮುಂದೆ ಕೂತು ಎಲೆಯನ್ನು ಬೆರಳಲ್ಲಿ ಸವರಿ, “ಇದನ್ನು ಬೆಳೆಸಿದ್ದು ಯಾರು?” ಎಂದು ಕೇಳಿದರು.

“ನಾನೇ,” ಎಂದೆ.

ಯಾಕೆ ಹಾಗೆಂದೆ? ನರ್ಸರಿಗೆ ಬಂದವರೆಲ್ಲ ಹಿಲ್ಡಾಳನ್ನೇ ಕೇಳುತ್ತಿದ್ದರು, ಅದು ನನಗೆ ಚುಚ್ಚುತ್ತಿತ್ತು — ಇಲ್ಲ, ಅದನ್ನು ಕಾರಣವೆಂದು ಹೇಳಲಾರೆ. ಹೆಸರೇನು ಎಂದಾಗಲಾದರೂ ನತಾಲಿ ಎನ್ನಬಹುದಿತ್ತು. “ಇಟ್ಟಿಲ್ಲ,” ಎಂದೆ. “ಹಾಗಾದರೆ ನಿಮ್ಮದೇ ಇಡುವ,” ಎಂದರು ಅವರು. ನಾನು ನಾಚಿದವಳಂತೆ ನಕ್ಕೆ. ಅವರು ಗಿಡಗಳನ್ನು ಕಾರಿಗೆ ಹಾಕಿಕೊಂಡು ಹೋದರು. ಹುಲ್ಲು ಕೊಟ್ಟದ್ದನ್ನು ಹಿಲ್ಡಾಳಿಗೆ ಹೇಳಿದೆ, ಉಳಿದದ್ದನ್ನು —

ಒಂದೆರಡು ವರ್ಷ ಕಳೆದು ಕಣ್ಣೂರಿನ ಕಡೆಯ, ತೋಟ ಮಾಡಿಸುವ ಹುಡುಗನೊಬ್ಬ ಬಂದು ಕೇಳಿದ: “ಸರೋಜಾ ಹುಲ್ಲು ಉಂಟಾ?”

“ಯಾವ ಸರೋಜಾ?” ಎಂದು ಹಿಲ್ಡಾ ನಕ್ಕಳು. ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಅವಳ ನಗು ನಿಂತಿತು. ನನ್ನ ಕಡೆ ತಿರುಗಿದಳು. ನಾನು ಸಿಕ್ಕಿಬಿದ್ದೆ ಎಂದುಕೊಂಡೆ.

“ಆ ನರ್ಸರಿಯವರಿಗೆ ತಪ್ಪು ಕೇಳಿಸಿದ್ದು, ಅಲ್ವಾ ಅಕ್ಕ? ನಿಮ್ಮ ಹೆಸರನ್ನೇ ಹುಲ್ಲಿನ ಹೆಸರು ಅಂತ ತಿಳ್ಕೊಂಡಿದ್ದಾರೆ.”

ಆ ದಾರಿಯನ್ನು ಅವಳೇ ನನಗೆ ತೆರೆದುಕೊಟ್ಟಳು. “ಹೌದು, ಹಾಗೇ ಇರಬೇಕು,” ಎಂದೆ.

“ಒಂದು ಫೋನ್ ಮಾಡಿ ಹೇಳಿ ಅಕ್ಕ. ಮಾಯ್‌ಗೆ ಗೊತ್ತಾದ್ರೆ ಬೇಸರ ಆಗ್ತದೆ.”

ನಾನು ನೆರಳಿಗೆ ಕಟ್ಟಿದ ಹಸಿರು ನೆಟ್ಟಿನ ಆಚೆ ಹೋಗಿ ಮೊಬೈಲನ್ನು ಕಿವಿಗಿಟ್ಟುಕೊಂಡೆ. ಯಾರ ನಂಬರನ್ನೂ ಒತ್ತಿರಲಿಲ್ಲ. ಹಿಲ್ಡಾ ದೂರದಿಂದ ನೋಡುತ್ತಿದ್ದಳು. ನಾನು ಸುಮ್ಮನೆ ಮಾತಾಡಿದೆ, ಕೈಯಾಡಿಸಿದೆ, ಜಗಳವಾಡಿದಂತೆಯೂ ಮಾಡಿದೆ. ತಿರುಗಿ ಬಂದು, “ಹೆಸರು ಎಲ್ಲ ಕಡೆ ಹೋಗಿ ಆಯ್ತಂತೆ. ಇನ್ನು ಬದಲಿಸಲಿಕ್ಕೆ ಆಗುವುದಿಲ್ಲವಂತೆ,” ಎಂದೆ.

ಬಾಯಿತಪ್ಪಿ ಬಂದದ್ದು ಎಂದು ಮೊದಲನೆಯ ಮಾತನ್ನು ಒರೆಸಿಹಾಕಬಹುದಿತ್ತೋ ಏನೋ. ಇದನ್ನು ಹೇಗೆ ಒರೆಸಲಿ? ಆ ಕಡೆ ಯಾರೂ ಇಲ್ಲದ ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ನಾನು ನಾಟಕವಾಡಿದ್ದೇನೆ.

ನತಾಲಿ ಬಾಯಿ ಆಮೇಲೆ ಎರಡು ಮಳೆಗಾಲ ಬದುಕಿದ್ದರು. ಹೆಸರಿನ ಸಂಗತಿ ಕಿವಿಗೆ ಬಿದ್ದ ಮೇಲೆ ಆ ಹುಲ್ಲನ್ನು ಯಾರಿಗೂ ತೋರಿಸುವುದನ್ನು ಬಿಟ್ಟಿದ್ದರು. ಅವರನ್ನು ಮಣ್ಣು ಮಾಡಿದ ದಿನ ಇಗರ್ಜಿಯ ಅಂಗಳದಲ್ಲಿ ಹಿಲ್ಡಾ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಆಗಲೂ ನಾನು ಹೇಳಲಿಲ್ಲ.

ಈ ವರ್ಷ ಹೇಳಿದೆ. ಹಿಲ್ಡಾ ಚಟ್ಟಿ ತೊಳೆಯುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಫೋನಿನದ್ದನ್ನೂ. ಅವಳು ನಲ್ಲಿ ನಿಲ್ಲಿಸಿ ಕೈಯಲ್ಲಿದ್ದ ಚಟ್ಟಿಯನ್ನು ಕವುಚಿಟ್ಟಳು.

“ನಿಮ್ಮ ಹೆಸರೂ ಒಳ್ಳೆದೇ, ಇರಲಿ ಅಂತ ಮಾಯ್ ಹೇಳ್ತಾ ಇದ್ರು,” ಎಂದಳು. “ಸರೋಜಾ ನನಗಾಗಿ ಅಷ್ಟು ಜಗಳ ಮಾಡಿದ್ಳಲ್ಲ, ಅದೇ ಸಾಕು ಅಂತ.”

ಮತ್ತೆ ನಲ್ಲಿ ಬಿಟ್ಟು ಇನ್ನೊಂದು ಚಟ್ಟಿ ಎತ್ತಿಕೊಂಡಳು. ಬೈದಿದ್ದರೆ ಆಗುತ್ತಿತ್ತು.

ನಾನು ಆ ನರ್ಸರಿಯವರಿಗೆ ಈ ಸಲ ನಿಜವಾಗಿ ಫೋನ್ ಮಾಡಿದೆ. ಹುಲ್ಲು ಹಿಲ್ಡಾಳದ್ದು, ಹೆಸರು ನತಾಲಿ ಎಂದೆ. ಅವರು ಕೇಳಿಸಿಕೊಂಡರು, ಈಗ ಎಂತ ಮಾಡಲಿಕ್ಕೆ ಆಗ್ತದೆ ಎಂದರು. ಆದರೂ ನಮ್ಮಲ್ಲಿಗೆ ಯಾರಾದರೂ ಬಂದು ಸರೋಜಾ ಹುಲ್ಲು ಉಂಟಾ ಎಂದು ಕೇಳಿದರೆ, ನಾನು ಎದ್ದುನಿಂತು ಅದನ್ನೇ ಹೇಳುತ್ತೇನೆ, ಬೆಳೆಸಿದವಳು ಆಚೆ ಕೂತಿದ್ದಾಳೆ ಎಂದು ಕೈ ತೋರಿಸುತ್ತೇನೆ. ಅವರು ತಲೆಯಾಡಿಸಿ, ಗಿಡ ಕಟ್ಟಿಸಿಕೊಂಡು ಹೋಗುತ್ತಾರೆ. ಹಿಲ್ಡಾ ತಲೆಯೆತ್ತಿ ನೋಡುವುದಿಲ್ಲ. ಮುಂದೆ ಬಂದವರಿಗೂ ನಾನು ಹೇಳುತ್ತೇನೆ.