ನರ ಓದುವ ಪಟ್ಟಿ

ವಿಡಿಯೋ ಗೇಮ್ ಪರೀಕ್ಷಿಸುವ ಆ ಕೋಣೆಯಲ್ಲಿ ಎಲ್ಲರಿಗೂ ಅವಳು ಅಕ್ಕ. 'ಕತ್ತಲಕೋಟೆ' ಆಟದ ಮೊದಲ ಭಾಗದ ಕಾಲಕ್ಕೆ ಕೆಲಸಕ್ಕೆ ಸೇರಿದವಳು. ಈಗ ಒಂಬತ್ತನೆಯದು ತಯಾರಾಗುತ್ತಿತ್ತು. ಆಟದೊಳಗೆ ಬಿದ್ದು, ಸತ್ತು, ಮತ್ತೆ ಎದ್ದು ತಪ್ಪುಗಳನ್ನು ಹೆಕ್ಕಿಕೊಡುವುದೇ ಅವಳ ಅನ್ನ. "ನಮ್ಮನೆಯವಳು ದಿನಾ ಸಾಯೋಕೆ ಹೋಗ್ತಾಳೆ, ಅದಕ್ಕೆ ಸಂಬಳ ಬೇರೆ!" ಎಂದು ಗಂಡ ನೆಂಟರನ್ನು ನಗಿಸುತ್ತಿದ್ದ.

ಆದರೆ ಕೆಲವು ತಿಂಗಳಿಂದ ಅವಳ ಬಲಗೈ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಕೈಯಲ್ಲಿ ಹಿಡಿದ ಕಂಟ್ರೋಲರ್‌ನ ಗುಂಡಿ ಒತ್ತಿದೆನೋ ಇಲ್ಲವೋ ತಿಳಿಯದು. ಪಕ್ಕದ ಬೆರಳಿನಿಂದ ಒತ್ತಿ ಎಲ್ಲರ ಕಣ್ಣಿಗೆ ಮಣ್ಣೆರಚುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ಬೆರಳು ಸತ್ತವಳನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಒಂದು ಬೆಳಿಗ್ಗೆ ಇಂಜಿನಿಯರ್ ಎರಡು ಕಪ್ಪು ಪಟ್ಟಿಗಳನ್ನು ಮೇಜಿನ ಮೇಲಿಟ್ಟ. "ಅಕ್ಕ, ಇನ್ಮೇಲೆ ಕಂಟ್ರೋಲರ್ ಹಿಡಿಯೋದೇ ಬೇಡ. ಇವನ್ನ ಮಣಿಕಟ್ಟಿಗೆ ಕಟ್ಕೊಳ್ಳಿ. ನರದಲ್ಲಿ ಓಡೋ ಸಂಕೇತಾನೇ ಓದುತ್ತೆ, ಬೆರಳು ಆಡಿಸ್ಬೇಕು ಅಂದ್ಕೊಂಡ್ರೆ ಸಾಕು."

ಅವಳು ಹಣೆ ಒತ್ತಿಕೊಂಡಳು. "ತಲೆನೋವು ಕಣಪ್ಪ, ನಾಳೆ ನೋಡೋಣ."

"ಐದೇ ನಿಮಿಷ ಅಕ್ಕ."

ಪಟ್ಟಿಗಳನ್ನು ಅವನೇ ಕಟ್ಟಿದ. ಪರದೆಯ ಮೂಲೆಯಲ್ಲಿ ಕೈಗೊಂದರಂತೆ ಎರಡು ಗೆರೆ ಮೂಡಿದವು. ಎಡಗೈಯದು ಕಪ್ಪೆಯಂತೆ ಕುಪ್ಪಳಿಸಿತು. ಬಲಗೈಯದು ಹೆಣದಂತೆ ಮಲಗಿತ್ತು. ಮುರಿದ ಸೇತುವೆ ಬಂತು, ಹಾರು ಎಂದು ಮನಸ್ಸಿನಲ್ಲೇ ಕೂಗಿದಳು. ಆಟದ ವೀರ ಪಾತಾಳಕ್ಕೆ ಬಿದ್ದ.

"ಪಟ್ಟಿ ಕೆಟ್ಟಿರ್ಬೇಕು," ಎಂದ ಇಂಜಿನಿಯರ್ ಸೋತ ದನಿಯಲ್ಲಿ. ಅವನೇ ವರ್ಷಗಟ್ಟಲೆ ಕೂತು ಮಾಡಿದ್ದ ಪಟ್ಟಿ ಅದು. ಅವಳಿಗೆ ಬದುಕಿದೆ ಬಡಜೀವವೇ ಅನ್ನಿಸಿತು, ನಾಚಿಕೆಯೂ ಆಯಿತು. ಅಷ್ಟರಲ್ಲಿ ಅವನು ಅದೇ ಪಟ್ಟಿಯನ್ನು ತನ್ನ ಕೈಗೆ ಕಟ್ಟಿಕೊಂಡ. ಗೆರೆ ಎದ್ದು ಕುಣಿಯಿತು.

ಅವಳು ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು.

"ಅಕ್ಕ, ಕೈಗೇನಾಗಿದೆ?"

"ಯಾರಿಗೂ ಹೇಳ್ಬೇಡಪ್ಪ, ನಿನ್ ದಮ್ಮಯ್ಯ," ಎನ್ನುವಷ್ಟರಲ್ಲಿ ಅಳು ಒತ್ತರಿಸಿ ಬಂತು.

"ಯಾರಿಗೆ ಹೇಳೋದು ಆಮೇಲೆ. ಮೊದ್ಲು ಡಾಕ್ಟರ ಹತ್ರ ನಡೀರಿ."

ಮಣಿಕಟ್ಟಿನಲ್ಲಿ ನರ ಒತ್ತಿಹೋಗಿತ್ತು. ಇನ್ನಷ್ಟು ತಡವಾಗಿದ್ದರೆ ಬೆರಳು ಹೋದ ಹಾಗೇ ಎಂದರು ಡಾಕ್ಟರ್. ಗಂಡ ನಗಿಸಲು ಹೋಗಿ, ಅವಳ ಹೆಬ್ಬೆರಳನ್ನು ಹಿಡಿದು ನೀವತೊಡಗಿದ. ಶಸ್ತ್ರಚಿಕಿತ್ಸೆಯಾಯಿತು, ಸ್ಪರ್ಶ ಮುಕ್ಕಾಲು ಪಾಲು ಮರಳಿತು. ಕೆಲಸವೂ ಉಳಿಯಿತು: ಕೈ ಸೋತವರಿಗೂ ಆ ಪಟ್ಟಿ ಒಗ್ಗುವಂತೆ ಮಾಡಲು ಅವಳನ್ನೇ ಕೂರಿಸಿದರು.

ಆದರೂ ಅಂಜಿಕೆ ಹೋಗಿಲ್ಲ. ಇಂದಿಗೂ ಬೆಳಿಗ್ಗೆ ಎಚ್ಚರವಾದೊಡನೆ, ಕಣ್ಣು ಬಿಡುವ ಮೊದಲೇ, ಹೊದಿಕೆಯೊಳಗೆ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ, ತಿಳಿಯುತ್ತದೆಯೇ ಎಂದು ಉಸಿರು ಬಿಗಿಹಿಡಿದು ಕಾಯುತ್ತಾಳೆ.